ಹೇಳು ಅಂತ ಹೇಳು

ಹೋದ ವರ್ಷ ನವೆಂಬರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಳೇ ಮನೇಲಿ ಐದು ದಿನ ಶೂಟಿಂಗ್ ಮಾಡಿ ಒಂದು ಕಿರುಚಿತ್ರ ಮುಗಿಸಿದ್ವಿ. 19 ನಿಮಿಷದ್ದು. ಅಣ್ಣ ತಮ್ಮ ಮಾತು ಬಿಟ್ಟ ಮನೆಯ ಕಥೆ. ನೋಡಿದವ್ರಲ್ಲಿ ಒಂದಿಬ್ರು, ಹೇಗೆ ಮಾಡಿದ್ರಿ, ನಮ್ಮನೇಲೂ ಹಿಂಗೇ ಇದೆ, ನಮಗೂ ಮಾಡ್ಬೇಕು ಅಂತ ಆಸೆ ಇದೆ ಅಂತ ಕೇಳಿದ್ರು. ಕ್ಯಾಮೆರಾ ಯಾವ್ದು, ಖರ್ಚು ಎಷ್ಟು ಅನ್ನೋದನ್ನ ಎರಡು ಸಾಲಲ್ಲಿ ಹೇಳ್ಬೋದು. ಆದ್ರೆ ಸ್ಕ್ರಿಪ್ಟ್ ಬರೆಯೋಕೆ ಕೂತಾಗಿಂದ ಎಡಿಟಿಂಗ್ ಮುಗಿಯೋ ತನಕ ನನಗೆ ಏನೇನಾಯ್ತು ಅನ್ನೋದನ್ನ ಹೇಳ್ದೆ ಈ ಸಿನಿಮಾ ಹೇಗಾಯ್ತು ಅಂತ ಹೇಳೋಕೆ ಬರಲ್ಲ, ಹಂಗಾಗಿ ಸ್ವಲ್ಪ ಉದ್ದ ಆಗುತ್ತೆ.

ನಾನು ಸಿನಿಮಾ ಕಲಿತವಳಲ್ಲ, ಶಿವಮೊಗ್ಗದಲ್ಲಿ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ. ಐದಾರು ಜನ ಗೆಳೆಯರು ಸೇರಿ ಭಾನುವಾರ ಸಂಜೆ ಒಬ್ಬರ ಮನೆ ಮಹಡಿ ಮೇಲೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಹಾಕಿ ಸಿನಿಮಾ ನೋಡ್ತೀವಿ, ಮುಗಿದ ಮೇಲೆ ಟೀ ಕುಡೀತಾ ಮಾತಾಡ್ತೀವಿ, ಅಷ್ಟೇ ನನ್ನ ಸಿನಿಮಾ ಶಾಲೆ. ಅಲ್ಲೇ ಒಂದು ಭಾನುವಾರ ಜಪಾನಿನ ಓಝು ಅವರ 'ಟೋಕಿಯೋ ಸ್ಟೋರಿ' ನೋಡಿದ್ವಿ, 1953ರ ಕಪ್ಪು ಬಿಳುಪು ಸಿನಿಮಾ. ಒನೊಮಿಚಿ ಅನ್ನೋ ಊರಿಂದ ವಯಸ್ಸಾದ ಗಂಡ ಹೆಂಡ್ತಿ ಟೋಕಿಯೋದಲ್ಲಿರೋ ಮಕ್ಕಳನ್ನ ನೋಡೋಕೆ ಬರ್ತಾರೆ. ದೊಡ್ಡ ಮಗ ಡಾಕ್ಟ್ರು, ಮಗಳಿಗೆ ಬ್ಯೂಟಿ ಪಾರ್ಲರ್, ಇಬ್ಬರಿಗೂ ಪುರುಸೊತ್ತಿಲ್ಲ. ಅಪ್ಪ ಅಮ್ಮನ್ನ ಅತಾಮಿ ಅನ್ನೋ ಬಿಸಿನೀರಿನ ಬುಗ್ಗೆ ಊರಿಗೆ ಕಳಿಸಿಬಿಡ್ತಾರೆ. ಯುದ್ಧದಲ್ಲಿ ತೀರಿಹೋದ ಮಗನ ಹೆಂಡ್ತಿ ಒಬ್ಬಳೇ ಕೆಲಸಕ್ಕೆ ರಜೆ ಹಾಕಿ ಅವ್ರನ್ನ ಊರು ಸುತ್ತಿಸೋದು. ಇಡೀ ಸಿನಿಮಾದಲ್ಲಿ ಮನೆಯೋರು ಎದುರುಬದುರು ನಿಂತು ಕೂಗಾಡೋ ಸೀನ್ ಒಂದೂ ಇಲ್ಲ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡ್ತಾರೆ, ಹೇಳ್ಬೇಕಾದ್ದು ಮಾತ್ರ ಯಾರೂ ಹೇಳಲ್ಲ. ಅದರಲ್ಲಿ ಆ ಅಜ್ಜ ಅಜ್ಜಿ ಅತಾಮಿಯ ಸಮುದ್ರದ ಕಟ್ಟೆ ಮೇಲೆ ಅಕ್ಕಪಕ್ಕ ಕೂತು ಒಂದೇ ಕಡೆ ನೋಡ್ತಾ ಇರೋ ಒಂದು ಚಿತ್ರ ಬರುತ್ತೆ. ಅದನ್ನ ನೋಡ್ತಿದ್ದಂಗೆ ನನಗೆ ನಮ್ಮನೆ ಜಗಲಿ ಕಂಡುಬಿಡ್ತು.

ನಮ್ಮನೆ ಕಥೆ ಹೇಳ್ತೀನಿ. 1997ರಲ್ಲಿ, ನಾನು ಎರಡನೇ ಕ್ಲಾಸಲ್ಲಿದ್ದಾಗ, ಅಪ್ಪಯ್ಯಂಗೂ ದೊಡ್ಡಪ್ಪಯ್ಯಂಗೂ ಹಿಸ್ಸೆ ಆಯ್ತು. ಊರ ಹಿರೀಕರು ನಾಲ್ಕು ಜನ ಕೂತು ಪಾರಿಖತ್ತು ಬರೆಸಿದ್ರು. ತೋಟ 2 ಎಕರೆ 18 ಗುಂಟೆ, ಒಬ್ಬೊಬ್ಬರಿಗೆ 1 ಎಕರೆ 9 ಗುಂಟೆ, ಅದರಲ್ಲಿ ಎಂತದೂ ತಕರಾರಿಲ್ಲ. ಮನೆ ಅರ್ಧ ಅರ್ಧ. ಅಡಿಕೆ ಬೇಯಿಸೋ ದೊಡ್ಡ ತಾಮ್ರದ ಹಂಡೆ ದೊಡ್ಡಪ್ಪಯ್ಯಂಗೆ, ಅದಕ್ಕೆ ಬದಲಾಗಿ ಜೋಡಿ ಎತ್ತು ಅಪ್ಪಯ್ಯಂಗೆ. ಎಲ್ಲ ಸಲೀಸಾಗಿ ಆಗಿ ಕೊನೇಲಿ ಸಿಕ್ಕಿಹಾಕ್ಕೊಂಡಿದ್ದು ಅಬ್ಬಿ ನೀರು. ಗುಡ್ಡದ ಮೇಲಿಂದ ಸೀಳಿದ ಅಡಿಕೆ ಮರದ ದಂಬೇಲಿ ಮನೆ ಹಿಂದಿನ ಕಲ್ಲಿನ ತೊಟ್ಟಿಗೆ ಬೀಳೋ ನೀರು ಅದು. ನೆಲಕ್ಕಾದ್ರೆ ಸರಪಳಿ ಹಿಡಿದು ಅಳೀಬೋದು, ನೀರಿಗೆ ಎಂತ ಹಿಡೀತೀರಿ. ಬೇಸಿಗೇಲಿ ಹೆಬ್ಬೆರಳಿನಷ್ಟು ಸಣ್ಣ ಆಗೋ ಆ ಧಾರೆಗೆ ದಿನ ಬಿಟ್ಟು ದಿನ ಅಂತ ಸರದಿ ಮಾಡಿದ್ರು. ಏಪ್ರಿಲಲ್ಲಿ ಒಂದು ದಿನ ಯಾರ ಸರದಿ ಅಂತ ಇಬ್ಬರಿಗೂ ಮಾತು ಬಂತು, ಮಾತಿಗೆ ಮಾತು ಬೆಳೀತು, ಅಜ್ಜ ಸತ್ತಾಗ ಯಾರು ಎಷ್ಟು ಖರ್ಚು ಮಾಡಿದ್ರು ಅನ್ನೋ ತನಕ ಹೋಯ್ತು. ಅವತ್ತಿಂದ ಮಾತು ಬಿಟ್ರು.

ಆ ಮಳೆಗಾಲಕ್ಕೆ ಮುಂಚೆನೇ ಜಗಲಿ ನಡುವೆ ಜಂಬಿಟ್ಟಿಗೆ ಗೋಡೆ ಬಂತು. ಇಟ್ಟಿಗೆ ಸಾಕಾಗಲಿಲ್ಲ ಅಂತ ಮಾಡಿನ, ಅಂದ್ರೆ ಸೂರಿನ, ತನಕ ಹೋಗಲಿಲ್ಲ, ಮೇಲೆ ಒಂದು ಮೊಳ ಜಾಗ ಹಾಗೇ ಉಳೀತು, ಇವತ್ತಿಗೂ ಹಾಗೇ ಇದೆ. ಹಂಗಾಗಿ ಒಂದು ಕಡೆ ಕೆಮ್ಮಿದ್ರೆ ಇನ್ನೊಂದು ಕಡೆಗೆ ಕೇಳುತ್ತೆ. ಮಾತು ಬಿಟ್ರು ಅಂದ್ರೆ ಮಾತೇ ಇಲ್ಲ ಅಂತಲ್ಲ, ಒಂದೇ ನೀರು ಒಂದೇ ದಾರಿ ಒಂದೇ ಬೇಲಿ ಇರೋರು ದಿನಕ್ಕೆ ಹತ್ತು ಸಲ ಒಬ್ಬರಿಗೊಬ್ಬರು ಹೇಳ್ಬೇಕಾಗುತ್ತೆ. ಅದಕ್ಕೆ ನಾನಿದ್ದೆ. ಅಪ್ಪಯ್ಯ ಜಗಲಿ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಕೂತು, "ಅಣ್ಣಯ್ಯಂಗೆ ಹೇಳು, ನಾಳೆ ನೀರು ನಮ್ಮ ಕಡೆ ಅಂತ" ಅನ್ನೋರು, ಸಣ್ಣ ದನಿಲೇನೂ ಅಲ್ಲ. ನಾನು ಮೆಟ್ಟಿಲು ಇಳಿದು, ಗೋಡೆ ಸುತ್ತು ಹಾಕಿ, ಆ ಕಡೆ ಮೆಟ್ಟಿಲು ಹತ್ತಿ, "ದೊಡ್ಡಪ್ಪಯ್ಯ, ನಾಳೆ ನೀರು ನಮ್ಮ ಕಡೆಯಂತೆ" ಅಂತಿದ್ದೆ. ದೊಡ್ಡಪ್ಪಯ್ಯ ಆಗ ತಾನೇ ಕೇಳಿದವ್ರ ಹಂಗೆ ತಲೆ ಎತ್ತಿ, "ಆಯ್ತು ಅಂತ ಹೇಳು" ಅನ್ನೋರು. ಮತ್ತೆ ಇಳಿದು, ಸುತ್ತು ಹಾಕಿ, ಹತ್ತಿ, "ಆಯ್ತಂತೆ." ಇಬ್ಬರಿಗೂ ಎಲ್ಲ ಕೇಳ್ತಿತ್ತು. ಆದ್ರೆ ನಾನು ಬಂದು ಹೇಳೋ ತನಕ ಅದು ಹೇಳಿದಂಗೆ ಆಗ್ತಿರಲಿಲ್ಲ. ಅಮ್ಮ, ದೊಡ್ಡಮ್ಮ ಮಾತ್ರ ಗಂಡಸರು ತೋಟಕ್ಕೆ ಹೋದ ಮೇಲೆ ಹಿತ್ತಲಲ್ಲಿ ತೊಟ್ಟಿ ಹತ್ರ ನಿಂತು ಮಾತಾಡ್ಕೊಳ್ತಿದ್ರು, ಹುಳಿ ಪಲ್ಯ ಬಟ್ಟಲಲ್ಲಿ ಆ ಕಡೆ ಈ ಕಡೆ ಹೋಗ್ತಿತ್ತು, ಅದನ್ನ ಗಂಡಸರು ಉಣ್ತಿದ್ರು, ಎಲ್ಲಿಂದ ಬಂತು ಅಂತ ಕೇಳ್ತಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಬರೆದ ಮೊದಲ ಸ್ಕ್ರಿಪ್ಟಲ್ಲಿ ಆ ಹುಡುಗಿನೇ ಇರಲಿಲ್ಲ. ಈಗ ಯೋಚಿಸಿದ್ರೆ ಅದು ಮರೆವು ಅಲ್ಲ. ಅಣ್ಣ ತಮ್ಮ ಇಬ್ಬರೂ ತೋಟದ ಗಡಿ ಹತ್ರ ಎದುರಾಗ್ತಾರೆ, ಇಪ್ಪತ್ತು ವರ್ಷದ್ದೆಲ್ಲ ಬಾಯಿಗೆ ಬರುತ್ತೆ, ಒಬ್ಬ ಅಳ್ತಾನೆ, ಆ ಥರ ಬರೆದಿದ್ದೆ. ಆರು ಪುಟ ಬರೀ ಡೈಲಾಗು. ದೊಡ್ಡಪ್ಪನ ಪಾತ್ರಕ್ಕೆ ಒಪ್ಪಿದ್ದೋರು ಅರವತ್ತೆಂಟು ವರ್ಷದ ಹಿರಿಯರು, ಹರೆಯದಲ್ಲಿ ಹೆಗ್ಗೋಡಲ್ಲಿ ನಾಟಕ ಮಾಡಿದೋರು, ಯಕ್ಷಗಾನದ ವೇಷಾನೂ ಕಟ್ಟಿದೋರು. ಶಿವಮೊಗ್ಗದಲ್ಲಿ ಓದು ಇಟ್ಕೊಂಡಿದ್ವಿ. ಅವರು ಎರಡು ಪುಟ ಓದಿ ಕನ್ನಡಕ ತೆಗೆದು ಮಡಿಲಲ್ಲಿಟ್ಕೊಂಡು, "ಅಲ್ಲ ಮಾರಾಯ್ತಿ, ಮಾತು ಬಿಟ್ಟೋರು ಹಿಂಗೆ ಎದುರುಬದುರು ನಿಲ್ತಾರ? ನಾನು ನನ್ನ ಭಾವನ ಹತ್ರ ಹನ್ನೊಂದು ವರ್ಷ ಮಾತು ಬಿಟ್ಟಿದ್ದೆ. ಅವನು ಬಸ್ ಸ್ಟ್ಯಾಂಡಲ್ಲಿ ನಿಂತಿದ್ರೆ ನಾನು ಹಿಂದಿನ ಸ್ಟಾಪಿಗೆ ನಡ್ಕೊಂಡು ಹೋಗ್ತಿದ್ದೆ. ಇಷ್ಟು ಮಾತಾಡೋಕೆ ಆಗೋದಾದ್ರೆ ಮಾತು ಎಂತಕ್ಕೆ ಬಿಡ್ತಾರೆ?" ಅಂದ್ರು. ನನಗೆ ಆ ಹೊತ್ತಿಗೆ ಸಿಟ್ಟು ಬಂತು. ಮನೆಗೆ ಬಂದು ಎರಡು ದಿನ ಸ್ಕ್ರಿಪ್ಟ್ ಮುಟ್ಟಲಿಲ್ಲ. ಆದ್ರೆ ಅವರು ಹೇಳಿದ್ದು ನೂರಕ್ಕೆ ನೂರು ನಿಜ ಆಗಿತ್ತು.

ನಮ್ಮ ಗುಂಪಲ್ಲಿ ಎಡಿಟಿಂಗ್ ಮಾಡೋ ಗೆಳತಿ ಒಬ್ಬಳಿದ್ದಾಳೆ, ಅವಳು 'ಘಟಶ್ರಾದ್ಧ' ಇನ್ನೊಂದ್ಸಲ ನೋಡು ಅಂದ್ಲು. ನಮ್ಮ ತಾಲ್ಲೂಕಿನ ಕೆಸಲೂರಿನ ಗಿರೀಶ್ ಕಾಸರವಳ್ಳಿಯವರ ಮೊದಲ ದೊಡ್ಡ ಸಿನಿಮಾ, 1977ರದ್ದು, ಆ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಬಂತು. ಕಥೆ ಅನಂತಮೂರ್ತಿಯವರದ್ದು, ಅವರೂ ನಮ್ಮ ತಾಲ್ಲೂಕಿನೋರೇ. ಅದರಲ್ಲಿ ದೊಡ್ಡೋರು ಯಮುನಕ್ಕ ಅನ್ನೋ ವಿಧವೆಗೆ ಮಾಡೋದೆಲ್ಲ ನಾಣಿ ಅನ್ನೋ ಸಣ್ಣ ಹುಡುಗನ ಕಣ್ಣೆದುರೇ ನಡೆಯುತ್ತೆ. ನೋಡಿ ಮುಗಿದ ಮೇಲೆ ಗೆಳತಿ ಬೇರೆ ಎಂತದೂ ಹೇಳಲಿಲ್ಲ, "ನಿಮ್ಮನೇಲಿ ಮಧ್ಯೆ ಯಾರಿದ್ರು?" ಅಂತ ಕೇಳಿದ್ಲು. "ನಾನು" ಅಂದೆ.

ಅವತ್ತು ರಾತ್ರಿನೇ ಕೂತು ಹೊಸದಾಗಿ ಬರೆದೆ. ಆರು ಪುಟದ ಡೈಲಾಗ್ ಹೋಗಿ ಇಡೀ ಸಿನಿಮಾಕ್ಕೆ ಒಂದೂವರೆ ಪುಟ ಉಳೀತು, ಅದರಲ್ಲಿ ಅರ್ಧಕ್ಕರ್ಧ "ಅಂತ ಹೇಳು", "ಅಂತೆ". ಹುಡುಗಿ ಪಾತ್ರಕ್ಕೆ ನಮ್ಮಣ್ಣನ ಮಗಳು, ಮೂರನೇ ಕ್ಲಾಸು. ತಮ್ಮನ ಪಾತ್ರಕ್ಕೆ ಹೊಸನಗರ ಕಡೆಯ ಒಬ್ಬ ಮೇಷ್ಟ್ರು. ದೊಡ್ಡಪ್ಪಯ್ಯ ಈಗ ಊರಲ್ಲಿಲ್ಲ, ದೊಡ್ಡಮ್ಮ ತೀರಿಕೊಂಡ ಮೇಲೆ 2012ರಿಂದ ಶಿವಮೊಗ್ಗದಲ್ಲಿ ಮಗನ ಮನೇಲಿದ್ದಾರೆ, ತೋಟ ಚೇಣಿಗೆ, ಅಂದ್ರೆ ಗುತ್ತಿಗೆಗೆ, ಕೊಟ್ಟಿದ್ದಾರೆ, ಅವರ ಅರ್ಧ ಮನೆಗೆ ಬೀಗ. ಅವರ ಕಡೆ ಜಗಲೀನೂ ಬೇಕಿತ್ತಲ್ಲ, ಅವರ ಮಗನಿಗೆ ಫೋನ್ ಮಾಡಿ ಕೇಳಿದೆ. ಸಂಜೆ ಅವನೇ ವಾಪಸ್ ಮಾಡಿ, "ಮಾಡ್ಕಳ್ಳಿ, ಮುಗಿದ ಮೇಲೆ ಜಗಲಿ ಗುಡಿಸಿ ಹೋಗಿ ಅಂತ ಹೇಳು ಅಂದ್ರು ಅಪ್ಪ" ಅಂದ. ಅಪ್ಪಯ್ಯಂಗೆ ಎಂಥ ಸಿನಿಮಾ ಅಂತ ನಾನು ಪೂರ್ತಿ ಹೇಳಿರಲಿಲ್ಲ. ಅಡಿಕೆ ಮನೆ ಕಥೆ ಅಂದಿದ್ದೆ, ಹ್ಞೂಂ ಅಂದಿದ್ರು.

ನವೆಂಬರ್ ಅಂದ್ರೆ ಕೊಯ್ಲಿನ ಕಾಲ. ಕೊನೆಗಾರ ಮರದಿಂದ ಅಡಿಕೆ ಗೊನೆ ಇಳಿಸ್ತಿರ್ತಾನೆ, ಅಂಗಳದಲ್ಲಿ ಅಡಿಕೆ ಹರಡಿರುತ್ತೆ, ಒಲೆ ಮೇಲೆ ಹಂಡೆ ಕುದೀತಿರುತ್ತೆ, ಇದನ್ನೆಲ್ಲ ದುಡ್ಡು ಕೊಟ್ಟು ಸೆಟ್ ಹಾಕ್ಸೋಕೆ ನಮ್ಮ ಕೈಲಿ ಆಗ್ತಿರಲಿಲ್ಲ, ಅದಕ್ಕೇ ಆ ಸಮಯ ಹಿಡಿದಿದ್ದು. ಕ್ಯಾಮೆರಾ ಹಿಡಿದಿದ್ದು ಮದುವೆ ವಿಡಿಯೋ ಮಾಡೋ ಹುಡುಗ, ಕೆಲಸದಲ್ಲಿ ಬಹಳ ಶ್ರದ್ಧೆ. ಮೊದಲ ದಿನ ಸಂಜೆ ಜಗಲಿ ಬಲ್ಬಿನ ಬೆಳಕು ಮಾನಿಟರಲ್ಲಿ ಪಟಪಟ ಹೊಡ್ಕೊಳ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಶಟರ್ 1/50ಕ್ಕೆ ಇಟ್ರೆ ಸರಿ ಹೋಗುತ್ತೆ ಅಂತ ಅವನೇ ಸರಿ ಮಾಡಿದ. ಅವನಿಗೂ ನನಗೂ ಜಗಳ ಆಗಿದ್ದು ಒಂದೇ ವಿಷ್ಯಕ್ಕೆ, ಕ್ಯಾಮೆರಾ ಎಲ್ಲಿಡೋದು ಅಂತ. ಅವನು ಒಂದ್ಸಲ ಅಣ್ಣನ ಮುಖ, ಒಂದ್ಸಲ ತಮ್ಮನ ಮುಖ ಹತ್ರದಿಂದ ತೆಗೆಯೋಣ, ಆಮೇಲೆ ಕತ್ತರಿಸಿ ಜೋಡಿಸ್ಬೋದು ಅಂದ. ಎಲ್ಲರೂ ಮಾಡೋದು ಹಂಗೇ. ನನಗೆ ಆ ಕಟ್ಟೆ ಮೇಲಿನ ಅಜ್ಜ ಅಜ್ಜಿ ತಲೇಲಿದ್ರು. ಓಝು ಸಿನಿಮಾಗಳಲ್ಲಿ ಕ್ಯಾಮೆರಾ ನೆಲದ ಮೇಲೆ ಕೂತವ್ರಿಗಿಂತಲೂ ಕೆಳಗಿರುತ್ತೆ, ಜಪಾನಿನ ಮನೆಗಳಲ್ಲೂ ನಮ್ಮಂಗೇ ನೆಲದ ಮೇಲೆ ಕೂರ್ತಾರಲ್ಲ. ನಾವು ಟ್ರೈಪಾಡ್ ಬಿಟ್ಟು ಅಂಗಳದಲ್ಲಿ ಎರಡು ಇಟ್ಟಿಗೆ ಇಟ್ಟು, ಮೇಲೆ ಅಕ್ಕಿ ತುಂಬಿದ ಚೀಲ ಇಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿದ್ವಿ. ಫ್ರೇಮಿನ ನಟ್ಟನಡುವೆ ಜಂಬಿಟ್ಟಿಗೆ ಗೋಡೆ. ಎಡಕ್ಕೆ ದೊಡ್ಡಪ್ಪ ಕೂತು ಮೆಟ್ಟುಗತ್ತಿಲಿ ಅಡಿಕೆ ಸುಲೀತಿದ್ದಾರೆ, ಬಲಕ್ಕೆ ಅಪ್ಪ ಕೂತು ಅಡಿಕೆ ಸುಲೀತಿದ್ದಾರೆ, ಇಬ್ಬರೂ ಅಂಗಳ ನೋಡ್ತಿದ್ದಾರೆ, ಒಬ್ಬರಿಗೆ ಒಬ್ಬರು ಕಾಣಲ್ಲ, ನಮಗೆ ಇಬ್ಬರೂ ಕಾಣ್ತಾರೆ. ಹುಡುಗಿ ಒಂದು ಕಡೆಯಿಂದ ಇಳಿದು ಕ್ಯಾಮೆರಾ ಮುಂದೆ ಹಾದು ಇನ್ನೊಂದು ಕಡೆ ಹತ್ತುತ್ತಾಳೆ. ನಾಲ್ಕೂವರೆ ನಿಮಿಷ ಒಂದೇ ಶಾಟು. ಮಾನಿಟರ್ ನೋಡಿದ ಕ್ಯಾಮೆರಾ ಹುಡುಗ ಆಮೇಲೆ ಆ ಮಾತೇ ತೆಗೀಲಿಲ್ಲ.

ಇದನ್ನ ಮಾಡಬೇಕು ಅನ್ನೋರಿಗೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ದುಡ್ಡಿದ್ರೆ ಮೊದಲು ಸೌಂಡಿಗೆ ಹಾಕಿ. ಮಾತಿಲ್ಲದ ಮನೆ ಕಥೆಲಿ ಸೌಂಡೇ ಎಲ್ಲ. ನಮ್ಮ ಸೌಂಡ್ ಹುಡುಗ ಸಾಗರದೋನು, ಬೆಳಗ್ಗೆ ಐದಕ್ಕೆ ಎದ್ದು ಮೈಕ್ ಹಿಡ್ಕೊಂಡು ಒಬ್ಬನೇ ಮನೆ ಸುತ್ತ ಓಡಾಡೋನು. ಪಕ್ಕದ ಮನೆಯ ಅಡಿಕೆ ಸುಲಿಯೋ ಮಷೀನ್ ಎಂಟು ಗಂಟೆಗೆ ಶುರು ಆದ್ರೆ ಮುಗೀತು, ಹಂಗಾಗಿ ಮಾತಿರೋ ಸೀನೆಲ್ಲ ಆರರಿಂದ ಎಂಟರೊಳಗೆ. ಪ್ರತಿ ಜಾಗದಲ್ಲೂ ಶಾಟ್ ಮುಗಿದ ಮೇಲೆ ಒಂದು ನಿಮಿಷ ಎಲ್ಲರೂ ಅಲ್ಲಾಡದೆ ನಿಲ್ಲಬೇಕು, ಆ ಜಾಗದ ಸದ್ದಿಲ್ಲದ ಸದ್ದನ್ನ ರೆಕಾರ್ಡ್ ಮಾಡ್ತಾರೆ. ರೂಮ್ ಟೋನ್ ಅಂತಾರೆ. ಎಡಿಟಿಂಗಲ್ಲಿ ಮಾತು ಮಾತಿನ ಮಧ್ಯೆ ಅದನ್ನ ತುಂಬಿದ್ರೆ ಕಿವಿಗೆ ಗುಂಡಿ ಬಿದ್ದಂಗೆ ಆಗಲ್ಲ. ಜಗಲೀಲಿ ರೂಮ್ ಟೋನ್ ತಗೊಳ್ಳುವಾಗ ಹೆಡ್‌ಫೋನ್ ನಾನು ಹಾಕ್ಕೊಂಡೆ. ಅಪ್ಪಯ್ಯ ಒಳಗೆ ಬಾಗಿಲ ಹತ್ರ ಸ್ಟೂಲ್ ಮೇಲೆ ಕೂತಿದ್ರು, ಅವರ ಉಸಿರು ಕೇಳ್ತಿತ್ತು. ದೂರದಲ್ಲಿ ಒಂದು ಮಂಗಟ್ಟೆ ಹಕ್ಕಿ. ಇವೆಲ್ಲದರ ಕೆಳಗೆ ಇನ್ನೊಂದು ಸದ್ದು, ಸಣ್ಣಗೆ, ಒಂದೇ ಸಮ. ಯಾವ್ದು ಅಂತ ಗೊತ್ತಾಗೋಕೆ ಅರ್ಧ ನಿಮಿಷ ಬೇಕಾಯ್ತು. ಹಿಂದೆ ತೊಟ್ಟಿಗೆ ಅಬ್ಬಿ ನೀರು ಬೀಳ್ತಿತ್ತು. ದಂಬೆ ಹೋಗಿ ಈಗ ಪೈಪ್ ಬಂದಿದೆ, ಸರದಿ ಹಾಕೋರೂ ಯಾರಿಲ್ಲ, ಹಗಲೂ ರಾತ್ರಿ ಬಿದ್ದು ತುಂಬಿ ಹರೀತಾನೇ ಇರುತ್ತೆ. ಹುಟ್ಟಿದಾಗಿಂದ ಕೇಳಿದ ಸದ್ದು, ಹೆಡ್‌ಫೋನಲ್ಲಿ ಕೇಳಿದಾಗ ಎದೆ ಹಿಂಡಿದಂಗಾಯ್ತು.

ಮೂರನೇ ದಿನ ಮಧ್ಯಾಹ್ನ ಮೋಡ ಕಟ್ಟಿ ಅಕಾಲ ಮಳೆ ಬಂತು. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರಡಿತ್ತು, ಅದು ನೆಂದ್ರೆ ಬೂಸು ಬರುತ್ತೆ, ರೇಟು ಹೋಗುತ್ತೆ. ಕ್ಯಾಮೆರಾ ಒಳಗಿಟ್ಟು ಇಡೀ ಟೀಮು ಅಡಿಕೆ ಗುಡ್ಡೆ ಹಾಕೋಕೆ ಓಡಿತು. ಅಪ್ಪಯ್ಯ ಟಾರ್ಪಾಲ್ ತಂದು ಬಿಡಿಸಿ ಒಂದು ತುದಿ ಹಿಡ್ಕೊಂಡು ನಿಂತ್ಬಿಟ್ರು. ಯಾರನ್ನೂ ಕರೀಲಿಲ್ಲ, ಸುಮ್ನೆ ಹಿಡ್ಕೊಂಡು ಆ ಕಡೆ ಜಗಲಿ ನೋಡ್ತಾ ನಿಂತಿದ್ರು, ಮಳೆ ಹನಿ ಮುಖದ ಮೇಲೆ ಬೀಳ್ತಿತ್ತು. ಕ್ಯಾಮೆರಾ ಹುಡುಗ ಓಡಿಹೋಗಿ ಇನ್ನೊಂದು ತುದಿ ಹಿಡಿದ. ನನಗೆ ಅವರು ಎಂತಕ್ಕೆ ಹಂಗೆ ನಿಂತ್ರು ಅಂತ ಗೊತ್ತಿತ್ತು. ಮಾತು ಬಿಟ್ಟ ಅಷ್ಟೂ ವರ್ಷ, ಕೊಯ್ಲಿನಲ್ಲಿ ಮಳೆ ಬಂದ್ರೆ ದೊಡ್ಡಪ್ಪಯ್ಯ ಆ ಕಡೆಯಿಂದ ಓಡಿ ಬರೋರು, ಬಂದು ಟಾರ್ಪಾಲಿನ ಇನ್ನೊಂದು ತುದಿ ಹಿಡಿಯೋರು, ಇಬ್ಬರೂ ಸೇರಿ ಎಳೆದು ನಾಲ್ಕು ಮೂಲೆಗೆ ಕಲ್ಲಿಡೋರು, ಆಮೇಲೆ ಅಪ್ಪಯ್ಯ ಅವರ ಅಂಗಳಕ್ಕೆ ಹೋಗಿ ಅಲ್ಲೂ ಎಳೆಸೋರು. ಒಂದು ಮಾತಿಲ್ಲ, ಮುಖ ನೋಡೋದಿಲ್ಲ. ಅದಕ್ಕೆ ಮಾತ್ರ ನನ್ನನ್ನ ಯಾರೂ ಕಳಿಸ್ತಿರಲಿಲ್ಲ. ಸ್ಕ್ರಿಪ್ಟಲ್ಲಿ ಇದು ಇರಲಿಲ್ಲ. ಮಾರನೇ ದಿನ ಪೈಪಲ್ಲಿ ನೀರು ಹೊಡೆದು ಆ ಸೀನ್ ಸೇರಿಸಿದ್ವಿ, ಸಿನಿಮಾದಲ್ಲಿ ಎಲ್ಲರೂ ಹೇಳೋದು ಅದನ್ನೇ.

ನಾಲ್ಕನೇ ದಿನ ಹುಡುಗಿಯ ಕೊನೇ ಸೀನು. ದೊಡ್ಡಪ್ಪ ಒಂದು ಮಾತು ಹೇಳಿ ಕಳಿಸ್ತಾರೆ, ಅವಳು ಹ್ಞೂಂ ಅಂತ ಬಂದು, ಹೇಳ್ದೆ ಪುಸ್ತಕ ತೆಗೆದು ಕೂರ್ತಾಳೆ. ಅಣ್ಣನ ಮಗಳಿಗೆ ಇದು ತಲೆಗೆ ಹೋಗಲಿಲ್ಲ. "ಎಂತಕ್ಕೆ ಅತ್ತೆ ಹೇಳಲ್ಲ ಅವಳು?" ಅಂದ್ಲು. ಬೇಜಾರಾಗಿದೆ ಅವಳಿಗೆ ಅಂದೆ. "ಆಮೇಲಾದ್ರೂ ಹೇಳ್ತಾಳಾ?" ಅಂದ್ಲು. ಇಲ್ಲ ಅಂದೆ. "ದೊಡ್ಡವಳಾದ ಮೇಲೆ?" ಅಂದ್ಲು. ನಾನು ಎದ್ದು ಹಿತ್ತಲಿಗೆ ಹೋದೆ.

ಇದನ್ನ ನಾನು ಯಾರಿಗೂ ಹೇಳಿರಲಿಲ್ಲ. 2004ರ ಕೊಯ್ಲು, ಒಂಬತ್ತನೇ ಕ್ಲಾಸಲ್ಲಿದ್ದೆ. ಆ ಮಳೆಗಾಲ ಕೊಳೆ ರೋಗ ಬಂದು ಎರಡೂ ತೋಟದಲ್ಲಿ ಅರ್ಧಕ್ಕರ್ಧ ಕಾಯಿ ಉದುರಿತ್ತು. ಒಬ್ಬೊಬ್ಬರ ಮನೇಲಿ ದಿನಕ್ಕೆ ಸುಲಿದ ಅಡಿಕೆ ಹಂಡೆ ತಳಕ್ಕೆ ಸಾಲ್ತಿರಲಿಲ್ಲ. ಅದರ ಹಿಂದಿನ ವಾರ ದೊಡ್ಡಪ್ಪಯ್ಯ ಬೇಲಿ ವಿಷ್ಯಕ್ಕೆ ಏನೋ ಖಾರವಾಗಿ ಹೇಳಿ ಕಳಿಸಿದ್ರು, ಅದನ್ನ ಹಂಗಂಗೇ ಬಂದು ಹೇಳಿದ್ದಕ್ಕೆ ಅಪ್ಪಯ್ಯ ನನ್ನ ಮೇಲೆ ರೇಗಿದ್ರು, "ಅವರು ಹೇಳಿದ್ದೆಲ್ಲ ಹೊತ್ಕೊಂಡು ಬರ್ತೀಯಲ್ಲ ನೀನು, ನಾಚಿಕೆ ಆಗಲ್ವಾ" ಅಂತ. ಏಳು ವರ್ಷ ಹೊತ್ತಿದ್ದೆ, ಆ ಮಾತು ಕೇಳಿದ ಮೇಲೆ ಇನ್ನು ಹೊರಲ್ಲ ಅಂತ ತೀರ್ಮಾನ ಮಾಡಿದ್ದೆ. ಅಷ್ಟರಲ್ಲಿ ಒಂದು ಸಂಜೆ ದೊಡ್ಡಪ್ಪಯ್ಯ ಹಂಡೆ ಒಲೆ ಮುಂದೆ ಕೂತೋರು ನನ್ನ ಕರೆದು, "ಮಗಾ, ನಿಮ್ಮಪ್ಪಯ್ಯಂಗೆ ಹೇಳು, ಇರೋದೇ ಇಷ್ಟು ಅಡಿಕೆ, ಎರಡು ಒಲೆ ಎಂತಕ್ಕೆ, ನಾಳೆ ನಮ್ಮ ಹಂಡೆಗೇ ತಂದು ಹಾಕ್ಲಿ ಅಂತ. ಹಳೇ ಚೊಗರೂ ಇದೆ ಅಂತ ಹೇಳು" ಅಂದ್ರು. ಅಡಿಕೆ ಬೇಯಿಸಿದ ನೀರು ಮತ್ತೆ ಮತ್ತೆ ಬೆಂದು ಗಟ್ಟಿಯಾಗಿ ಕೆಂಪಗಾಗುತ್ತಲ್ಲ, ಅದು ಚೊಗರು. ಅದನ್ನ ಕಾಪಾಡಿಟ್ಟು ಮುಂದಿನ ವರ್ಷ ಹಾಕಿದ್ರೆ ಹೊಸ ಅಡಿಕೆಗೆ ಬಣ್ಣ ಬರುತ್ತೆ. ಅಜ್ಜನ ಕಾಲದಿಂದ ಬಂದ ಚೊಗರು ಹಿಸ್ಸೇಲಿ ಹಂಡೆ ಜೊತೆ ಆ ಕಡೆ ಹೋಗಿತ್ತು.

ಹ್ಞೂಂ ಅಂದೆ, ಒಳಗೆ ಬಂದೆ, ಅಟ್ಟ ಹತ್ತಿ ವಿಜ್ಞಾನದ ಪುಸ್ತಕ ತೆಗೆದು ಕೂತೆ. ಹೇಳಲಿಲ್ಲ. ಮಾರನೇ ದಿನ ಬೆಳಗ್ಗೆ ಅಟ್ಟದ ಕಿಟಕಿಯಿಂದ ನೋಡಿದ್ರೆ ಅವರ ಒಲೆ ಪಕ್ಕ ಒಂದು ಕೊಡಪಾನ ಇಟ್ಟಿದ್ರು, ಬಾಯಿಗೆ ಅಡಿಕೆ ಹಾಳೆ ಮುಚ್ಚಿ, ಮೇಲೊಂದು ಕಲ್ಲಿಟ್ಟು. ದೊಡ್ಡಪ್ಪಯ್ಯ ಒಲೆ ಹಚ್ಚಿರಲಿಲ್ಲ, ಬೀಡಿ ಸೇದ್ತಾ ಕೂತಿದ್ರು. ಹತ್ತು ಗಂಟೆ ತನಕ ಹಂಗೇ ಕೂತಿದ್ದು ಆಮೇಲೆ ಹಚ್ಚಿದ್ರು. ಕೊಡಪಾನ ಎರಡು ದಿನ ಅಲ್ಲೇ ಇತ್ತು. ಮೂರನೇ ದಿನ ದೊಡ್ಡಮ್ಮ ಬಂದು ಒಳಗೆ ತಗೊಂಡು ಹೋದ್ಲು. ಆಮೇಲೆ ದೊಡ್ಡಪ್ಪಯ್ಯ ನನ್ನ ಹತ್ರ ಯಾವತ್ತೂ ಏನೂ ಹೇಳಿ ಕಳಿಸಲಿಲ್ಲ. ನಾನು ಗೆದ್ದೆ ಅಂದ್ಕೊಂಡಿದ್ದೆ, ಎಷ್ಟೋ ವರ್ಷ ಹಂಗೇ ಅಂದ್ಕೊಂಡಿದ್ದೆ, ಆ ಮನೇಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ ಅಂತ.

ಎಡಿಟಿಂಗ್ ಎರಡು ತಿಂಗಳು ಹಿಡೀತು, ಆಫೀಸ್ ಮುಗಿಸಿ ರಾತ್ರಿ ಹೊತ್ತು ಕೂರ್ತಿದ್ವಲ್ಲ. ಮೊದಲ ಜೋಡಣೆ 31 ನಿಮಿಷ ಇತ್ತು. ಗೆಳತಿ ಸಂಗೀತ ಬೇಡ ಅಂದ್ಲು, ನಾನು ಬೇಕು ಅಂದೆ, ಎರಡು ವಾರ ಹಾಕಿ ನೋಡಿ ಕೊನೆಗೆ ತೆಗೆದ್ವಿ, ಆ ಜಾಗಕ್ಕೆಲ್ಲ ಜಗಲಿಯ ರೂಮ್ ಟೋನ್ ಬಂತು. ಒಟ್ಟು 42,000 ಖರ್ಚು, ಅದರಲ್ಲಿ ಊಟದ್ದೇ ಹೆಚ್ಚು.

ಫೆಬ್ರವರೀಲಿ ಲ್ಯಾಪ್‌ಟಾಪ್ ತಗೊಂಡು ಊರಿಗೆ ಹೋಗಿ ಅಪ್ಪಯ್ಯಂಗೆ ತೋರಿಸಿದೆ. ರಾತ್ರಿ ಊಟ ಆದ್ಮೇಲೆ, ಜಗಲೀಲೇ. ಅಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸ್ಕೊಳ್ತಿದ್ಲು, ಅಪ್ಪಯ್ಯ ಅಲ್ಲಾಡಲಿಲ್ಲ. ಟಾರ್ಪಾಲ್ ಸೀನ್ ಬಂದಾಗ ಒಂದ್ಸಲ ಗಂಟಲು ಸರಿ ಮಾಡ್ಕೊಂಡ್ರು. ಕೊನೇಲಿ ಹುಡುಗಿ ಹೇಳ್ದೆ ಕೂತು, ಎರಡೂ ಕಡೆ ದೀಪ ಆರಿ, ಹೆಸರುಗಳು ಬಂದವು. ಅಪ್ಪಯ್ಯ ಸ್ವಲ್ಪ ಹೊತ್ತು ಬಿಟ್ಟು, "ಚೊಗರಿನ ವಿಷ್ಯ ಅಲ್ವಾ ಅದು" ಅಂದ್ರು.

ನನ್ನ ಕೈಕಾಲು ತಣ್ಣಗಾಯ್ತು. ಸಿನಿಮಾದಲ್ಲಿ ಚೊಗರು ಅನ್ನೋ ಮಾತೇ ಇಲ್ಲ, ದೊಡ್ಡಪ್ಪ ಹೇಳೋದು ಕೇಳಿಸದ ಹಂಗೆ ದೂರದಿಂದ ತೆಗೆದಿದ್ವಿ. ನಿಮಗೆ ಹೇಗೆ ಗೊತ್ತು ಅಂದೆ. "ಬಚ್ಚಲಲ್ಲಿ ಒಲೆಗೆ ಸೌದೆ ಇಡ್ತಿದ್ದೆ ಅವತ್ತು. ಕೇಳ್ತು" ಅಂದ್ರು. ಕೇಳಿದ್ರೆ ಹೋಗ್ಬೋದಿತ್ತಲ್ಲ ಅಪ್ಪಯ್ಯ, ಅಡಿಕೆ ತಗೊಂಡು ಹೋಗ್ಬೋದಿತ್ತಲ್ಲ ಅಂದೆ, ನನ್ನ ದನಿ ಜೋರಾಯ್ತು. ಅವರು ಗೋಡೆ ಮೇಲಿನ ಆ ಒಂದು ಮೊಳ ಜಾಗ ನೋಡ್ತಾ, "ನೀನು ಬಂದು ಹೇಳಲಿಲ್ವಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಹೇಳ್ತೀಯೇನೋ ಅಂತ ನೋಡ್ದೆ. ಅಣ್ಣಯ್ಯನೇ ಮನಸ್ಸು ಬದಲು ಮಾಡಿ ಬೇಡ ಹೇಳ್ಬೇಡ ಅಂತ ನಿನಗೆ ಹೇಳಿರಬೇಕು ಅನ್ಕೊಂಡೆ" ಅಂದ್ರು.

ಇಲ್ಲ, ಅವರು ಕೊಡಪಾನ ತೆಗೆದು ಇಟ್ಟಿದ್ರು, ಎರಡು ದಿನ ಇಟ್ಟಿದ್ರು, ನಾನೇ ಹೇಳಲಿಲ್ಲ ಅಂದೆ. ಅಳು ಬಂತು ನನಗೆ. ಅಪ್ಪಯ್ಯ ನನ್ನ ಬೈಯಲಿಲ್ಲ, ಸಮಾಧಾನಾನೂ ಮಾಡಲಿಲ್ಲ. "ಎರಡು ದಿನವಾ" ಅಂದ್ರು. ಅಮ್ಮ ಎದ್ದು ಒಳಗೆ ಹೋದ್ಲು.

ಬೆಳಗ್ಗೆ ನಾನು ಹೊರಡೋಕೆ ಬ್ಯಾಗ್ ತುಂಬ್ಕೊಳ್ತಿದ್ದಾಗ ಅಪ್ಪಯ್ಯ ಬಂದು ಬಾಗಿಲಲ್ಲಿ ನಿಂತು, "ಅಣ್ಣಯ್ಯಂಗೆ ಒಂದು ಫೋನ್ ಹಚ್ಚು" ಅಂದ್ರು. ಹಚ್ಚಿ ಕೊಡೋಕೆ ಹೋದೆ, ತಗೊಳ್ಳಲಿಲ್ಲ, ಸ್ಪೀಕರಿಗೆ ಹಾಕಿ ಜಗಲಿ ಮೇಲಿಟ್ಟೆ. ದೊಡ್ಡಪ್ಪಯ್ಯನೇ ಎತ್ತಿದ್ರು. ನಾನು ದೊಡ್ಡಪ್ಪಯ್ಯ ಅಂದೆ, ಹೇಳು ಮಗಾ ಅಂದ್ರು. ಅಪ್ಪಯ್ಯ ಫೋನಿಂದ ಎರಡು ಅಡಿ ದೂರ ಕೂತು, "ಆ ದೊಡ್ಡ ಹಂಡೆ ಇನ್ನೂ ಇದ್ಯಾ ಅಂತ ಕೇಳು" ಅಂದ್ರು.

ಆ ಕಡೆ ಸದ್ದಿಲ್ಲ. ಟಿವಿ ಓಡ್ತಿತ್ತು, ಯಾರೋ ಆಫ್ ಮಾಡಿದ್ರು. ದೊಡ್ಡಪ್ಪಯ್ಯಂಗೆ ಕೇಳಿದೆ ಅಂತ ನನಗೆ ಗೊತ್ತಿತ್ತು. ಕಾಯ್ತಿದ್ರು. "ದೊಡ್ಡಪ್ಪಯ್ಯ, ದೊಡ್ಡ ಹಂಡೆ ಇನ್ನೂ ಇದ್ಯಾ ಅಂತ ಕೇಳ್ತಿದ್ದಾರೆ" ಅಂದೆ.

"ಒಳಗೆ ಅಟ್ಟದ ಮೇಲೆ ಕವುಚಿ ಹಾಕಿದ್ದೀನಿ ಅಂತ ಹೇಳು. ಬೀಗದ ಕೈ ಮಾಡಿನ ಸಂದೀಲಿ ಇದೆ. ಬರೋ ಕೊಯ್ಲಿಗೆ ಇಳಿಸ್ಕೊಳ್ಳಲಿ ಅಂತ ಹೇಳು."

ನಾನು ಅಪ್ಪಯ್ಯನ ಕಡೆ ತಿರುಗಿದೆ. "ಅಟ್ಟದ ಮೇಲೆ ಇದೆಯಂತೆ ಅಪ್ಪಯ್ಯ. ಬೀಗದ ಕೈ ಮಾಡಿನ ಸಂದೀಲಿ ಇದೆಯಂತೆ. ಬರೋ ಕೊಯ್ಲಿಗೆ ಇಳಿಸ್ಕೊಳ್ಳಬೇಕಂತೆ."

"ಒಬ್ಬನ ಕೈಲಿ ಇಳಿಸೋಕಾಗಲ್ಲ, ಆ ಕಡೆ ಹಿಡಿಯೋಕೆ ಒಬ್ಬರು ಬೇಕು ಅಂತ ಹೇಳು" ಅಂದ್ರು ಅಪ್ಪಯ್ಯ.

ಹೇಳಿದೆ.